ಉಪ್ಪು, ಸಕ್ಕರೆ, ಮೇಣ: ಅಯಾನಿಕ ಮತ್ತು ಸಹವೇಲೆನ್ಸೀಯ ಸಂಯುಕ್ತಗಳನ್ನು ಪ್ರಯೋಗ ಮಾಡಿ ಹೋಲಿಸುವ ಬಗೆ

ಧನ ಮತ್ತು ಋಣ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ಒಂದನ್ನೊಂದು ಸೆಳೆದು ಕೂಡಿದ ಅಯಾನಿಕ ಸಂಯುಕ್ತಗಳ ದ್ರವನ ಬಿಂದು (ಘನವಸ್ತು ಕರಗಿ ದ್ರವವಾಗುವ ಉಷ್ಣತೆ) ಹೆಚ್ಚು, ಅವು ನೀರಿನಲ್ಲಿ ಕರಗುತ್ತವೆ, ಸೀಮೆಎಣ್ಣೆಯಲ್ಲಿ ಕರಗುವುದಿಲ್ಲ, ಅವುಗಳ ದ್ರಾವಣದಲ್ಲಿ ವಿದ್ಯುತ್ ಹರಿಯುತ್ತದೆ. ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಕೂಡಿದ ಸಹವೇಲೆನ್ಸೀಯ ಸಂಯುಕ್ತಗಳು ಇದಕ್ಕೆ ತದ್ವಿರುದ್ಧ. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಈ ಪಟ್ಟಿ ಬಾಯಿಪಾಠ. ಆದರೆ ಮೇಜಿನ ಮೇಲೆ ಉಪ್ಪು, ಸಕ್ಕರೆ ಇಟ್ಟುಕೊಂಡು ಮಾಡಿ ನೋಡಲು ಹೊರಟರೆ ಪಟ್ಟಿ ಅಲ್ಲಲ್ಲಿ ಕೈಕೊಡುತ್ತದೆ. ಸಹವೇಲೆನ್ಸೀಯವಾದ ಸಕ್ಕರೆ ನೀರಿನಲ್ಲಿ ಉಪ್ಪಿಗಿಂತ ಐದು ಪಟ್ಟಿಗೂ ಹೆಚ್ಚು ಕರಗುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿಲಿ ನೀರಿಗೆ ಉಪ್ಪು ಸುಮಾರು 36 ಗ್ರಾಂ, ಸಕ್ಕರೆ 200 ಗ್ರಾಂ. ಅಯಾನಿಕವಾದ ಮೊಟ್ಟೆಚಿಪ್ಪಿನ ಪುಡಿ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಹಾಗಾಗಿ ಯಾವುದೇ ಒಂದು ಪರೀಕ್ಷೆ ನೋಡಿ ತೀರ್ಪು ಕೊಡಬಾರದು. ನಾಲ್ಕು ಪರೀಕ್ಷೆಗಳನ್ನೂ ಒಂದೇ ವಸ್ತುವಿನ ಮೇಲೆ ಮಾಡಿ, ಪ್ರತಿಯೊಂದರ ಜೊತೆ ‘ಏನೂ ಹಾಕದ’ ಒಂದು ತಾಳೆ ಪ್ರಯೋಗ ಇಟ್ಟುಕೊಂಡರೆ ಮಾತ್ರ ಫಲಿತಾಂಶಕ್ಕೆ ಅರ್ಥವಿರುತ್ತದೆ.

ಸಾಮಗ್ರಿ

ಮೊದಲ ಸುತ್ತಿಗೆ ಐದು ವಸ್ತುಗಳು ಸಾಕು: ಅಡುಗೆ ಉಪ್ಪು, ಮೈಲುತುತ್ತ, ಸಕ್ಕರೆ, ಮೇಣದಬತ್ತಿಯ ಮೇಣ, ಕರ್ಪೂರ. ಮೊದಲೆರಡು ಅಯಾನಿಕ, ಉಳಿದ ಮೂರು ಸಹವೇಲೆನ್ಸೀಯ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಅಡಿಕೆ ತೋಟವಿರುವ ಊರಿನಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದದ್ದು ಯಾರ ಮನೆಯಲ್ಲಾದರೂ ಸಿಗುತ್ತದೆ. ಅದು ವಿಷ, ಬರಿಗೈಯಲ್ಲಿ ಮುಟ್ಟುವುದು ಬೇಡ. ಎರಡನೇ ಸುತ್ತಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಪಟಿಕ, ಯೂರಿಯಾ, ಮೊಟ್ಟೆಚಿಪ್ಪಿನ ನುಣುಪಾದ ಪುಡಿ, ತೊಳೆದು ಒಣಗಿಸಿದ ಮರಳು ಇಟ್ಟುಕೊಳ್ಳಿ.

ನೀರಿನ ವಿಷಯದಲ್ಲಿ ರಾಜಿ ಬೇಡ. ಬಟ್ಟಿ ಇಳಿಸಿದ ನೀರೇ ಬೇಕು; ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಎರಡು ಲೀಟರ್ ತಂದರೆ ಒಂದು ತರಗತಿಗೆ ಆಗುತ್ತದೆ. ಕೊಳವೆಬಾವಿಯ ನೀರಿನಲ್ಲಿ ಮೊದಲೇ ಲವಣಗಳು ತುಂಬಿರುತ್ತವೆ. ಅದರಲ್ಲಿ ಸಕ್ಕರೆ ಕದಡಿ ತಂತಿ ಇಳಿಸಿದರೆ ದೀಪ ಹತ್ತುತ್ತದೆ, ‘ಸಕ್ಕರೆ ವಿದ್ಯುತ್ ವಾಹಕ’ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಈ ಪ್ರಯೋಗ ಕೆಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ಆರ್‌ಒ ಯಂತ್ರದ ನೀರೂ ಇದಕ್ಕೆ ಸಾಲುವುದಿಲ್ಲ, ಅದರಲ್ಲಿಯೂ ಲವಣ ಸ್ವಲ್ಪ ಉಳಿದಿರುತ್ತದೆ.

ವಾಹಕತೆ ನೋಡುವ ಮಂಡಲ

ಪುಸ್ತಕದ ಚಿತ್ರದಲ್ಲಿ ಟಾರ್ಚ್ ಬಲ್ಬ್ ಇರುತ್ತದೆ. ಬಲ್ಬ್ ಉರಿಯಲು ನೂರಾರು ಮಿಲಿಆಂಪಿಯರ್ ಬೇಕು, ತಿಳಿ ದ್ರಾವಣ ಅಷ್ಟನ್ನು ಕೊಡುವುದಿಲ್ಲ. ವಿದ್ಯುತ್ ಹರಿಯುತ್ತಿದ್ದರೂ ಬಲ್ಬ್ ಕಪ್ಪಗೆ ಕೂತಿರುತ್ತದೆ. ಬಲ್ಬಿನ ಬದಲು ಎಲ್‌ಇಡಿ ಬಳಸಿ.

1. 9 ವೋಲ್ಟ್ ಬ್ಯಾಟರಿಯ ಧನ ತುದಿಯಿಂದ 470 ಓಮ್ ರೋಧಕ, ಅದರಿಂದ ಕೆಂಪು ಎಲ್‌ಇಡಿಯ ಉದ್ದ ಕಾಲು. ಎಲ್‌ಇಡಿಯ ಗಿಡ್ಡ ಕಾಲಿನಿಂದ ಒಂದು ತಂತಿ, ಬ್ಯಾಟರಿಯ ಋಣ ತುದಿಯಿಂದ ಇನ್ನೊಂದು ತಂತಿ ಹೊರಗೆ ಬರಲಿ.
2. ಎರಡು ಪೆನ್ಸಿಲ್‌ಗಳನ್ನು ಎರಡೂ ಕಡೆ ಹೆರೆದು, ಮೇಲಿನ ತುದಿಯ ಸೀಸಕ್ಕೆ ಮೊಸಳೆ ಕ್ಲಿಪ್ಪಿನಲ್ಲಿ ಈ ತಂತಿಗಳನ್ನು ಸಿಕ್ಕಿಸಿ. ಇವೇ ನಿಮ್ಮ ವಿದ್ಯುದಾಗ್ರಗಳು.
3. ದಪ್ಪ ರಟ್ಟಿನಲ್ಲಿ ತೂತು ಮಾಡಿ ಪೆನ್ಸಿಲ್‌ಗಳನ್ನು ತೂರಿಸಿ. ಕೆಳಗಿನ ಸೀಸದ ತುದಿಗಳ ನಡುವೆ 1 ಸೆಂಮೀ ಅಂತರ ಇರಲಿ, ಸೀಸ ಪೂರ್ತಿ ಮುಳುಗುವಷ್ಟು ಮಾತ್ರ ಇಳಿಯಲಿ. ಅಂತರ, ಆಳ ಬದಲಾದರೆ ಬೆಳಕೂ ಬದಲಾಗುತ್ತದೆ, ಆಗ ಹೋಲಿಕೆಯೇ ಸುಳ್ಳು.
4. ಎರಡು ಸೀಸಗಳನ್ನೂ ಒಂದಕ್ಕೊಂದು ತಾಗಿಸಿ. ಎಲ್‌ಇಡಿ ಜೋರಾಗಿ ಹತ್ತಬೇಕು. ಹತ್ತದಿದ್ದರೆ ಎಲ್‌ಇಡಿಯ ಕಾಲು ಅದಲು ಬದಲಾಗಿದೆ, ಇಲ್ಲವೇ ಪೆನ್ಸಿಲಿನೊಳಗೆ ಸೀಸ ತುಂಡಾಗಿದೆ.

ಎರಡು ಪೆನ್ಸಿಲ್ ಸೆಲ್ (ಎಎ ಬ್ಯಾಟರಿ) ಸೇರಿಸಿದ 3 ವೋಲ್ಟಿನಲ್ಲಿ ಇದು ನಡೆಯುವುದಿಲ್ಲ. ಕೆಂಪು ಎಲ್‌ಇಡಿಗೇ ಸುಮಾರು 2 ವೋಲ್ಟ್ ಬೇಕು, ಉಪ್ಪಿನ ದ್ರಾವಣದ ವಿದ್ಯುದ್ವಿಭಜನೆ ನಡೆಯಲು ಇನ್ನೊಂದು 2 ವೋಲ್ಟ್ ಬೇಕು. 9ರಲ್ಲಿ ಈ ನಾಲ್ಕನ್ನು ಕಳೆದರೆ ಉಳಿಯುವ 5 ವೋಲ್ಟ್ 470 ಓಮ್‌ನಲ್ಲಿ ಹೆಚ್ಚೆಂದರೆ 10 ಮಿಲಿಆಂಪಿಯರ್ ಹರಿಸುತ್ತದೆ. ಎಲ್‌ಇಡಿಗೆ ಅದು ಹದ. ಮನೆಯ 230 ವೋಲ್ಟ್ ಸಂಪರ್ಕವನ್ನು ಮಾತ್ರ ಯಾವ ಕಾರಣಕ್ಕೂ ಈ ಪ್ರಯೋಗದ ಹತ್ತಿರ ತರಬೇಡಿ.

ವಿದ್ಯುದಾಗ್ರಕ್ಕೆ ಬರಿಯ ತಾಮ್ರದ ತಂತಿ ಬಳಸಿದರೆ ಉಪ್ಪಿನ ದ್ರಾವಣದಲ್ಲಿ ತಂತಿಯೇ ಸವೆದು ನೀರಿಗೆ ಬಣ್ಣ ಬರುತ್ತದೆ, ಕಬ್ಬಿಣದ ಮೊಳೆಯಾದರೆ ತುಕ್ಕಿನ ಕೆಸರು. ಸೀಸ ಅಗ್ಗ, ತಂಟೆಯೂ ಕಡಿಮೆ. ತಮಾಷೆಯೆಂದರೆ ಈ ಸೀಸದಲ್ಲಿರುವ ಗ್ರಾಫೈಟ್‌ನ ಪರಮಾಣುಗಳು ಸಹವೇಲೆನ್ಸೀಯ ಬಂಧದಿಂದಲೇ ಕೂಡಿಕೊಂಡಿವೆ, ಆದರೂ ಅದು ಒಳ್ಳೆಯ ವಾಹಕ. ಚುರುಕಾದ ವಿದ್ಯಾರ್ಥಿ ಈ ಪ್ರಶ್ನೆ ಎತ್ತಿಯೇ ಎತ್ತುತ್ತಾನೆ. ಗ್ರಾಫೈಟ್‌ನಲ್ಲಿ ಹರಿಯುವುದು ಎಲೆಕ್ಟ್ರಾನುಗಳು, ಉಪ್ಪಿನ ದ್ರಾವಣದಲ್ಲಿ ಓಡಾಡುವುದು ಅಯಾನುಗಳು ಎಂಬ ಉತ್ತರ ಸಿದ್ಧವಿರಲಿ.

ಮೊದಲು ಒಣ ಹರಳು

ಘನ ರೂಪದ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡಿ, ನೀರು ಇನ್ನೂ ಮೇಜಿಗೆ ಬಂದಿರಬಾರದು. ಒಣ ತಟ್ಟೆಯಲ್ಲಿ ಒಂದು ಚಮಚ ಉಪ್ಪು ಹರಡಿ ಸೀಸದ ತುದಿಗಳನ್ನು ಒತ್ತಿ ಹಿಡಿಯಿರಿ. ದೀಪ ಹತ್ತುವುದಿಲ್ಲ. ಅಯಾನುಗಳಿವೆ, ಆದರೆ ಹರಳಿನ ಜಾಲದಲ್ಲಿ ಪ್ರತಿಯೊಂದೂ ತನ್ನ ಜಾಗದಲ್ಲಿ ಸಿಕ್ಕಿಕೊಂಡಿದೆ. ಸಕ್ಕರೆ, ಮೇಣ, ಕರ್ಪೂರಗಳಲ್ಲೂ ಹತ್ತುವುದಿಲ್ಲ. ಕಾರಣ ಬೇರೆ, ಅಲ್ಲಿ ಓಡಾಡಲು ಅಯಾನುಗಳೇ ಇಲ್ಲ. ಕಣ್ಣಿಗೆ ಕಾಣುವ ಫಲಿತಾಂಶ ಒಂದೇ, ಹಿಂದಿನ ಕಾರಣ ಎರಡು. ಇದನ್ನು ಇಲ್ಲೇ ಬರೆಸಿಬಿಡಿ.

ಮಳೆಗಾಲದಲ್ಲಿ ಒಂದು ತೊಡಕಿದೆ. ಹರಳುಪ್ಪು, ಅದರಲ್ಲೂ ಗೋಕರ್ಣದ ಬಳಿಯ ಸಾಣಿಕಟ್ಟಾದಂಥ ಉಪ್ಪಿನಾಗರಗಳ ಸಂಸ್ಕರಿಸದ ಉಪ್ಪು, ಮೆಗ್ನೀಷಿಯಂ ಲವಣಗಳೂ ಸೇರಿರುವುದರಿಂದ ಗಾಳಿಯ ತೇವ ಹೀರಿ ಒದ್ದೆಯಾಗಿರುತ್ತದೆ. ಹರಳಿನ ಮೈಮೇಲಿನ ಆ ತೆಳು ನೀರಿನ ಪದರ ಸಾಕು, ಎಲ್‌ಇಡಿ ಮಿಣುಕುತ್ತದೆ. ಹಿಂದಿನ ದಿನವೇ ಉಪ್ಪನ್ನು ಪುಡಿ ಮಾಡಿ ಬಾಣಲೆಯಲ್ಲಿ ಐದು ನಿಮಿಷ ಹುರಿದು, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. 1807ರಲ್ಲಿ ಇಂಗ್ಲೆಂಡಿನ ರಸಾಯನವಿಜ್ಞಾನಿ ಹಂಫ್ರಿ ಡೇವಿ ಪೊಟ್ಯಾಸಿಯಂ ಬೇರ್ಪಡಿಸಿದಾಗ ಇದೇ ಗುಣವನ್ನು ತನ್ನ ಅನುಕೂಲಕ್ಕೆ ಬಳಸಿಕೊಂಡ: ಪೊಟ್ಯಾಸಿಯಂನ ಕ್ಷಾರವಾದ ಒಣ ಪೊಟ್ಯಾಷ್‌ನಲ್ಲಿ ವಿದ್ಯುತ್ ಹರಿಯಲಿಲ್ಲ, ಮೇಲ್ಮೈಗೆ ಸ್ವಲ್ಪ ತೇವ ತಗುಲಿದ ಮೇಲೆ ಹರಿಯಿತು, ಆ ಬಿಸಿಗೆ ಪೊಟ್ಯಾಷ್ ಕರಗಿ ಲೋಹ ಹೊರಬಂತು.

ಇದೇ ಹೊತ್ತಿಗೆ ಗಡಸುತನವನ್ನೂ ನೋಡಿಬಿಡಿ. ದೊಡ್ಡ ಹರಳುಪ್ಪೊಂದನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಮೆಲ್ಲನೆ ಹೊಡೆದು, ಚೂರುಗಳನ್ನು ಮಸೂರದಲ್ಲಿ ನೋಡಿ. ಒಡೆದ ಮುಖಗಳು ಚಪ್ಪಟೆ, ಮೂಲೆಗಳು ಲಂಬಕೋನ. ಚೂರಿನ ಚೂರೂ ಪುಟ್ಟ ಪೆಟ್ಟಿಗೆಯೇ. ಸುತ್ತಿಗೆಯ ಪೆಟ್ಟು ಬಿದ್ದು ಅಯಾನುಗಳ ಒಂದು ಪದರ ಸರಿದಾಗ ಧನದ ಎದುರು ಧನ, ಋಣದ ಎದುರು ಋಣ ಬಂದು ಒಂದನ್ನೊಂದು ತಳ್ಳುತ್ತವೆ, ಹರಳು ಆ ಗೆರೆಯಲ್ಲಿ ಸೀಳುತ್ತದೆ. ಮೇಣಕ್ಕೆ ಉಗುರು ಒತ್ತಿದರೆ ಗುರುತು ಬೀಳುತ್ತದೆ ಅಷ್ಟೆ.

ದ್ರಾವಣದಲ್ಲಿ

ಐದು ಬೀಕರ್‌ಗಳಲ್ಲಿ ತಲಾ 100 ಮಿಲಿ ಬಟ್ಟಿ ಇಳಿಸಿದ ನೀರು. ಒಂದು ಬೀಕರಿಗೆ ಏನೂ ಹಾಕಬೇಡಿ, ಅದು ತಾಳೆ. ಉಳಿದವುಗಳಿಗೆ ಒಂದೊಂದು ಚಹಾ ಚಮಚ, ಅಂದರೆ ಸುಮಾರು 5 ಗ್ರಾಂ, ಉಪ್ಪು, ಮೈಲುತುತ್ತ, ಸಕ್ಕರೆ ಮತ್ತು ತುರಿದ ಮೇಣ ಹಾಕಿ ಕದಡಿ. ಪ್ರತಿ ಬೀಕರಿಗೆ ಇಳಿಸುವ ಮೊದಲು ಸೀಸದ ತುದಿಗಳನ್ನು ಬಟ್ಟಿ ನೀರಿನಲ್ಲಿ ತೊಳೆದು ಕಾಗದದಿಂದ ಒತ್ತಿ ಒರೆಸಬೇಕು. ಉಪ್ಪಿನಿಂದ ನೇರ ಸಕ್ಕರೆಗೆ ಹೋದರೆ ತುದಿಗೆ ಅಂಟಿದ ಹನಿ ಸಕ್ಕರೆ ನೀರನ್ನೂ ವಾಹಕ ಮಾಡುತ್ತದೆ. ಹಾಗಾಗಿ ಕ್ರಮ ಹೀಗಿರಲಿ: ತಾಳೆ, ಮೇಣ, ಸಕ್ಕರೆ, ಉಪ್ಪು, ಕೊನೆಗೆ ಮೈಲುತುತ್ತ.

ತಾಳೆ ಬೀಕರಿನಲ್ಲಿ ಎಲ್‌ಇಡಿ ಪೂರ್ತಿ ಕಪ್ಪಾಗಿಯೇ ಇರಬೇಕೆಂದಿಲ್ಲ. ಈಗಿನ ಎಲ್‌ಇಡಿಗಳು ಮಿಲಿಆಂಪಿಯರಿನ ನೂರನೇ ಭಾಗಕ್ಕೂ ನಸುವಾಗಿ ಹೊಳೆಯುತ್ತವೆ, ಕೋಣೆ ಕತ್ತಲಾಗಿದ್ದರೆ ಅದು ಕಾಣುತ್ತದೆ. ಅದನ್ನೇ ಸೊನ್ನೆ ಎಂದು ಹಿಡಿಯಿರಿ. ಸಕ್ಕರೆ ನೀರಿನ ಬೆಳಕು ಈ ಸೊನ್ನೆಯಷ್ಟೇ ಇರುತ್ತದೆ. ಉಪ್ಪಿನದು ಕಣ್ಣು ಕುಕ್ಕುತ್ತದೆ, ಎರಡೂ ಸೀಸಗಳಲ್ಲಿ ಗುಳ್ಳೆ ಏಳುತ್ತದೆ. ಧನಾಗ್ರದಲ್ಲಿ ಕ್ಲೋರಿನ್ ಹುಟ್ಟಿ ಬ್ಲೀಚಿಂಗ್ ಪೌಡರ್ ವಾಸನೆ ಬರುವುದರಿಂದ ಕಿಟಕಿ ತೆರೆದಿಡಿ, ಅರ್ಧ ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ.

ಮೈಲುತುತ್ತದ ಬೀಕರಿನಲ್ಲಿ ಮಾತ್ರ ಮೂರ್ನಾಲ್ಕು ನಿಮಿಷ ಬಿಡಿ. ಬ್ಯಾಟರಿಯ ಋಣ ತುದಿಗೆ ಸೇರಿದ ಸೀಸವನ್ನು ಎತ್ತಿ ನೋಡಿದರೆ ಮುಳುಗಿದ್ದಷ್ಟು ಭಾಗಕ್ಕೆ ಕೆಂಪು ತಾಮ್ರದ ತೆಳು ಲೇಪ ಬಂದಿರುತ್ತದೆ, ನೀರಿನ ಮಟ್ಟದ ಗೆರೆ ಸ್ಪಷ್ಟ. ಒಂದು ಮಿಲಿಗ್ರಾಂ ಆಸುಪಾಸಿನ ತಾಮ್ರ ಅಷ್ಟೇ ಅದು, ಆದರೆ ಧನ ಅಯಾನುಗಳು ಋಣಾಗ್ರದ ಕಡೆಗೆ ನಡೆದು ಬಂದದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಶಾಲೆಯ ಮೇಜಿನಲ್ಲಿ ಸಿಗುವುದಿಲ್ಲ. ಬರಿಯ ದೀಪ ಹತ್ತಿಸಿ ಮುಗಿಸುವುದಕ್ಕಿಂತ ಇದನ್ನೊಂದು ಮಾಡಿ ತೋರಿಸುವುದು ಮೇಲು.

ನೀರಿನ ಟಿಡಿಎಸ್ (ಕರಗಿದ ಒಟ್ಟು ಘನಪದಾರ್ಥ) ಮಾಪಕ ಸಿಕ್ಕರೆ ಕೆಲಸ ಇನ್ನೂ ಸಲೀಸು. ಕರಗಿದ ಘನಪದಾರ್ಥವೆಲ್ಲವನ್ನೂ ಅದು ತೂಗುತ್ತದೆ ಎಂದು ಜನ ತಿಳಿದಿರುತ್ತಾರೆ. ನಿಜದಲ್ಲಿ ಅದು ಅಳೆಯುವುದು ವಾಹಕತೆಯನ್ನು, ಅಂದರೆ ಅಯಾನುಗಳನ್ನು ಮಾತ್ರ. ಒಂದು ಲೀಟರ್ ಬಟ್ಟಿ ನೀರಿಗೆ 1 ಗ್ರಾಂ ಉಪ್ಪು ಹಾಕಿದರೆ 1000ದ ಹತ್ತಿರ ತೋರಿಸುತ್ತದೆ. ಇನ್ನೊಂದು ಲೀಟರಿಗೆ 10 ಗ್ರಾಂ ಸಕ್ಕರೆ ಹಾಕಿ, ಅಂಕಿ ಸೊನ್ನೆಯ ಬಳಿಯೇ ನಿಂತಿರುತ್ತದೆ. ಬೆಲ್ಲ ಹಾಕಿದರೆ ಮಾತ್ರ ಏರುತ್ತದೆ, ಏಕೆಂದರೆ ಬೆಲ್ಲದಲ್ಲಿ ಕಬ್ಬಿನ ರಸದ ಖನಿಜ ಲವಣಗಳು ಉಳಿದಿರುತ್ತವೆ. ಆದ್ದರಿಂದ ಸಕ್ಕರೆಯ ಜಾಗದಲ್ಲಿ ಬೆಲ್ಲ ಬಳಸಬೇಡಿ. ಮಲ್ಟಿಮೀಟರಿನ ಓಮ್ ಅಳತೆಯನ್ನೂ ದ್ರಾವಣಕ್ಕೆ ನೆಚ್ಚಬೇಡಿ, ವಿದ್ಯುದಾಗ್ರದಲ್ಲಿ ಅನಿಲ ಕೂಡುತ್ತಾ ಹೋದಂತೆ ಅಂಕಿ ಜಾರುತ್ತಲೇ ಇರುತ್ತದೆ.

ನೀರು ಒಂದು ಕಡೆ, ಎಣ್ಣೆ ಇನ್ನೊಂದು ಕಡೆ

ಹತ್ತು ಪ್ರನಾಳಗಳು, ಐದರಲ್ಲಿ 5 ಮಿಲಿ ನೀರು, ಐದರಲ್ಲಿ 5 ಮಿಲಿ ಸೀಮೆಎಣ್ಣೆ. ಪ್ರತಿ ವಸ್ತುವಿನ ನಾಲ್ಕೈದು ಅಕ್ಕಿಕಾಳಿನಷ್ಟು ಚೂರು ಎರಡಕ್ಕೂ ಹಾಕಿ, ಬಿರಡೆ ಬಿಗಿದು ಎರಡು ನಿಮಿಷ ಅಲುಗಾಡಿಸಿ, ಹತ್ತು ನಿಮಿಷ ಸುಮ್ಮನಿಡಿ. ಸೀಮೆಎಣ್ಣೆ ಸಿಗದಿದ್ದರೆ ತೆಂಗಿನೆಣ್ಣೆಯಾದರೂ ಆದೀತು. ಕರ್ಪೂರ ಅದರಲ್ಲಿ ಸೊಗಸಾಗಿ ಕರಗುತ್ತದೆ. ಮಲೆನಾಡಿನ ಚಳಿಗಾಲದಲ್ಲಿ ಎಣ್ಣೆಯೇ ಹೆಪ್ಪುಗಟ್ಟುವುದರಿಂದ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ತನ್ನಿ.

ಸೀಮೆಎಣ್ಣೆಯ ಪ್ರನಾಳ ಒಳಗೆ ಒಣಗಿರಲೇಬೇಕು. ಒಂದು ಹನಿ ನೀರು ಉಳಿದಿದ್ದರೂ ಅದು ತಳದಲ್ಲಿ ಕೂತು ಉಪ್ಪನ್ನು ಕರಗಿಸಿಕೊಳ್ಳುತ್ತದೆ, ‘ಸೀಮೆಎಣ್ಣೆಯಲ್ಲಿ ಉಪ್ಪು ಕರಗಿತು’ ಎಂಬ ಉತ್ತರ ಬರುತ್ತದೆ. ಮೈಲುತುತ್ತ ಹಾಕಿದ ಪ್ರನಾಳದಲ್ಲಿ ಈ ಕಳ್ಳ ಹನಿ ತಾನೇ ಸಿಕ್ಕಿಬೀಳುತ್ತದೆ: ಬಣ್ಣವಿಲ್ಲದ ಎಣ್ಣೆಯ ತಳದಲ್ಲಿ ಕಡುನೀಲಿ ಗುಂಡು.

ಕರ್ಪೂರದ ಚೂರು ನೀರಿನ ಮೇಲೆ ತೇಲುತ್ತಾ ಗಿರಗಿರನೆ ಓಡಾಡುತ್ತದೆ. ಅದನ್ನು ಕರಗುವಿಕೆ ಎಂದು ಬರೆಯಬೇಡಿ, ಅದು ನೀರಿನ ಮೇಲ್ಮೈ ಕರ್ಷಣದ ಆಟ. ಮೇಣ ಸೀಮೆಎಣ್ಣೆಯಲ್ಲಿ ಕರಗಲು ನಿಧಾನ. ತುರಿದು ಹಾಕದೆ ತುಂಡು ಹಾಕಿದರೆ ಪೀರಿಯಡ್ ಮುಗಿದರೂ ಹಾಗೆಯೇ ಇರುತ್ತದೆ. ಸಕ್ಕರೆ ಸೀಮೆಎಣ್ಣೆಯಲ್ಲಿ ಕರಗದೆ ನೀರಿನಲ್ಲಿ ಕರಗುವುದನ್ನು ಕಂಡು ಮಕ್ಕಳು ಗೊಂದಲಪಟ್ಟರೆ ಒಳ್ಳೆಯದೇ ಆಯಿತು. ಸಕ್ಕರೆಯ ಅಣುವಿನ ತುಂಬ ಆಮ್ಲಜನಕ–ಹೈಡ್ರೋಜನ್ ಗುಂಪುಗಳಿದ್ದು ಅವು ನೀರಿನ ಅಣುಗಳೊಂದಿಗೆ ಹೈಡ್ರೋಜನ್ ಬಂಧ ಬೆಳೆಸುತ್ತವೆ. ನೀರಿಗೆ ಇಳಿಯುವುದು ಇಡಿಯ ಅಣು, ಅಯಾನುಗಳಲ್ಲ. ದೀಪ ಹತ್ತದಿದ್ದದ್ದು ಅದಕ್ಕೇ.

ಬಿಸಿ ಮಾಡುವ ಪರೀಕ್ಷೆ

ಸೀಮೆಎಣ್ಣೆಯ ಬಾಟಲಿ, ಪ್ರನಾಳ, ಒರೆಸಿದ ಬಟ್ಟೆ ಎಲ್ಲವೂ ಕೋಣೆಯಿಂದ ಹೊರಗೆ ಹೋಗುವವರೆಗೆ ಬೆಂಕಿಕಡ್ಡಿ ಗೀರಬಾರದು. ಆಗುವುದಾದರೆ ಇದನ್ನು ಬೇರೆ ದಿನವೇ ಮಾಡಿ. ಕರ್ಪೂರ ಮತ್ತು ನುಸಿಗುಳಿಗೆಗಳನ್ನು ಬಿಸಿ ಮಾಡಬೇಡಿ, ಎರಡರ ಆವಿಯೂ ಹೊತ್ತಿಕೊಳ್ಳುತ್ತದೆ. ಅವುಗಳ ಮಟ್ಟಿಗೆ ಡಬ್ಬಿ ತೆರೆದೊಡನೆ ಮೂಗಿಗೆ ಬಡಿಯುವ ವಾಸನೆಯೇ ಸಾಕು: ಕೋಣೆಯ ಉಷ್ಣತೆಯಲ್ಲೇ ಅಣುಗಳು ಘನದಿಂದ ಬಿಟ್ಟುಹೋಗುತ್ತಿವೆ. ಉಪ್ಪಿಗೆ ಅಂಥ ವಾಸನೆ ಇದೆಯೇ?

1. ಸ್ಟೀಲ್ ಡಬ್ಬಿಯ ಹಳೆಯ ಮುಚ್ಚಳ ತೆಗೆದುಕೊಂಡು, ನಡುಬಿಂದುವಿನಿಂದ ಸಮ ದೂರದಲ್ಲಿ ಮೂರು ಕಡೆ ಮೊಳೆಯಿಂದ ಸಣ್ಣ ತಗ್ಗು ಮಾಡಿ. ತೂತು ಬೀಳಬಾರದು. ತಗ್ಗಿಲ್ಲದಿದ್ದರೆ ಕರಗಿದ ಮೇಣ ಹರಿದು ಪಕ್ಕದ ಸಕ್ಕರೆಗೆ ಸೇರುತ್ತದೆ.
2. ಮುಚ್ಚಳವನ್ನು ತ್ರಿಪಾದಿಯ ಮೇಲಿಟ್ಟು ಮೇಣ, ಸಕ್ಕರೆ, ಉಪ್ಪು ತಲಾ ಒಂದು ಅಕ್ಕಿಕಾಳಿನಷ್ಟು ಹಾಕಿ. ಹೆಚ್ಚು ಹಾಕಿದರೆ ಹೊಗೆಯೇ ಹೆಚ್ಚು.
3. ಸ್ಪಿರಿಟ್ ದೀಪವನ್ನು ನಡುಬಿಂದುವಿನ ಕೆಳಗಿಡಿ. ಮೇಣ, ಸಕ್ಕರೆ ಕರಗಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಬರೆದುಕೊಳ್ಳಿ. ಸಕ್ಕರೆ ಕಪ್ಪಾದೊಡನೆ ದೀಪ ಆರಿಸಿ.

ಮೇಣ 60 ಡಿಗ್ರಿಯ ಆಸುಪಾಸಿನಲ್ಲೇ ನೀರಾಗುತ್ತದೆ. ಸಕ್ಕರೆ 186 ಡಿಗ್ರಿಯ ಸುಮಾರಿಗೆ ಕರಗುತ್ತಾ ಜೊತೆಜೊತೆಗೇ ಕಂದಾಗಿ ಕಪ್ಪಾಗುತ್ತದೆ. ಅಂದರೆ ಬರಿಯ ಕರಗುವಿಕೆಯಲ್ಲ, ವಿಭಜನೆಯೂ ಹೌದು. ಆದ್ದರಿಂದ ದ್ರವನ ಬಿಂದುವಿನ ಹೋಲಿಕೆಗೆ ಮೇಣವೇ ಶುದ್ಧ ಉದಾಹರಣೆ. ಉಪ್ಪಿಗೆ 801 ಡಿಗ್ರಿ ಬೇಕು, ಸ್ಪಿರಿಟ್ ದೀಪಕ್ಕೆ ಅದು ದೂರದ ಮಾತು. ಹರಳುಪ್ಪು ಹಾಕಿದ್ದರೆ ಒಳಗೆ ಸಿಕ್ಕಿದ ನೀರು ಆವಿಯಾಗಿ ಚಟಪಟ ಸಿಡಿಯುತ್ತದೆ. ಪುಡಿ ಉಪ್ಪನ್ನೇ ಬಳಸಿ, ಕಣ್ಣಿಗೆ ಕನ್ನಡಕ ಇರಲಿ. ಜ್ವಾಲೆಗೆ ಉಪ್ಪು ಬಿದ್ದಾಗ ಕಾಣುವ ಹಳದಿ ಬಣ್ಣ ಸೋಡಿಯಂನದು, ಅಯಾನಿಕ ಬಂಧಕ್ಕೂ ಅದಕ್ಕೂ ಸಂಬಂಧವಿಲ್ಲ.

ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪನ್ನು ಇಲ್ಲಿ ತಿದ್ದಬೇಕು: ‘ಸಹವೇಲೆನ್ಸೀಯ ಬಂಧ ದುರ್ಬಲ, ಆದ್ದರಿಂದ ಮೇಣ ಬೇಗ ಕರಗುತ್ತದೆ.’ ಮೇಣ ಕರಗುವಾಗ ಅದರೊಳಗಿನ ಒಂದು ಇಂಗಾಲ–ಹೈಡ್ರೋಜನ್ ಬಂಧವೂ ಮುರಿಯುವುದಿಲ್ಲ. ಸಡಿಲವಾಗುವುದು ಅಣು–ಅಣುಗಳ ನಡುವಿನ ಆಕರ್ಷಣೆ ಮಾತ್ರ. ಅಣುಗಳೇ ಇಲ್ಲದೆ ಇಡೀ ಹರಳು ಸಹವೇಲೆನ್ಸೀಯ ಬಂಧದಿಂದ ಹೆಣೆದುಕೊಂಡಿದ್ದರೆ ಏನಾಗುತ್ತದೆ ಎಂಬುದಕ್ಕೆ ಮರಳನ್ನು ತೋರಿಸಿ. ಮರಳಿನಲ್ಲಿರುವ ಸಿಲಿಕಾ ಕರಗಲು ಸುಮಾರು 1700 ಡಿಗ್ರಿ ಬೇಕು, ಉಪ್ಪಿನ ಎರಡು ಪಟ್ಟು.

ಕರಗಿದ ಉಪ್ಪಿನಲ್ಲಿ ವಿದ್ಯುತ್ ಹರಿಯುವುದನ್ನು ತೋರಿಸುವುದು ಎಲ್ಲಕ್ಕಿಂತ ಗಟ್ಟಿ ಪುರಾವೆ, ಆದರೆ ಶಾಲೆಯಲ್ಲಿ ಅದಕ್ಕೆ ಕೈ ಹಾಕದಿರುವುದೇ ಲೇಸು. 334 ಡಿಗ್ರಿಗೆ ಕರಗುವ ಪೊಟ್ಯಾಸಿಯಂ ನೈಟ್ರೇಟ್ ಅನ್ನು ಕೆಲವರು ಸೂಚಿಸುತ್ತಾರೆ. ಅದು ಪ್ರಬಲ ಉತ್ಕರ್ಷಕ. ಬಿಸಿಯಲ್ಲಿ ಇಂಗಾಲ, ಸಕ್ಕರೆ, ಮರದ ಚೂರು ತಗುಲಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ, ನಮ್ಮ ವಿದ್ಯುದಾಗ್ರವೋ ಇಂಗಾಲದ್ದು. ಕರಗಿದ ಮೇಣದಲ್ಲಿ ಸೀಸ ಇಳಿಸಿ ದೀಪ ಹತ್ತುವುದಿಲ್ಲವೆಂದು ತೋರಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲ.

ಎರಡನೇ ಸುತ್ತು: ಪಟ್ಟಿಯನ್ನು ಕೆಣಕುವ ವಸ್ತುಗಳು

ಪಟಿಕ ಅಯಾನಿಕ, ಆದರೂ 92 ಡಿಗ್ರಿಗೇ ನೀರಾಗಿ ಗುಳ್ಳೆಗುಳ್ಳೆಯಾಗಿ ಉಬ್ಬುತ್ತದೆ. ಅಲ್ಲಿ ಆಗುತ್ತಿರುವುದು ಹರಳಿನಲ್ಲೇ ಕಟ್ಟಿಕೊಂಡಿದ್ದ ನೀರು ಬಿಡುಗಡೆಯಾಗಿ ಲವಣ ಅದರಲ್ಲಿ ಕರಗುವುದು. ನೀರು ಹೋದ ಮೇಲೆ ಬಿಳಿಯ ಗಟ್ಟಿ ನೊರೆ ಉಳಿಯುತ್ತದೆ, ಅದು ಆ ದೀಪಕ್ಕೆ ಕರಗುವುದಿಲ್ಲ. ಯೂರಿಯಾ ಸಕ್ಕರೆಯ ಗುಂಪಿಗೆ ಸೇರಿದ್ದು: ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಪ್ರನಾಳ ತಣ್ಣಗಾಗುತ್ತದೆ, 133 ಡಿಗ್ರಿಗೆ ಕರಗುತ್ತದೆ. ಗೊಬ್ಬರದ ಯೂರಿಯಾದಲ್ಲಿ ಕಲ್ಮಶವಿದ್ದರೆ ಎಲ್‌ಇಡಿ ತುಸು ಹೊಳೆಯಬಹುದು. ಬಿಸಿ ಮಾಡುವಾಗ ಅಮೋನಿಯಾ ವಾಸನೆ ಬಂದೊಡನೆ ನಿಲ್ಲಿಸಿ.

ನಿಂಬೆ ಉಪ್ಪು ಎಲ್ಲರನ್ನೂ ಯಾಮಾರಿಸುತ್ತದೆ. ನೀರಿನಲ್ಲಿ ಕರಗುತ್ತದೆ, ದೀಪ ಹತ್ತುತ್ತದೆ. ಆದರೆ ಅದು ಸಹವೇಲೆನ್ಸೀಯ. ನೀರಿಗೆ ಬಿದ್ದ ಮೇಲೆ ಅದರ ಅಣುಗಳಲ್ಲಿ ಸ್ವಲ್ಪ ಭಾಗ ಮಾತ್ರ ಹೈಡ್ರೋಜನ್ ಅಯಾನು ಬಿಟ್ಟುಕೊಡುತ್ತದೆ. ಎಲ್‌ಇಡಿಯ ಬೆಳಕಿನಲ್ಲಿ ಉಪ್ಪಿಗೂ ಇದಕ್ಕೂ ವ್ಯತ್ಯಾಸ ಕಣ್ಣಿಗೆ ಸುಲಭವಾಗಿ ಸಿಗುವುದಿಲ್ಲ, ಟಿಡಿಎಸ್ ಮಾಪಕದಲ್ಲಿ ಸಮ ತೂಕಕ್ಕೆ ಉಪ್ಪಿಗಿಂತ ಎಷ್ಟೋ ಕಡಿಮೆ ಅಂಕಿ ಬರುತ್ತದೆ. ಮುಚ್ಚಳದ ಮೇಲೆ ಬಿಸಿ ಮಾಡಿದರೆ 153 ಡಿಗ್ರಿಗೆ ಕರಗಿ ಗುಟ್ಟು ಬಯಲಾಗುತ್ತದೆ.

ಇಷ್ಟಾದ ಮೇಲೆ ಉಪ್ಪು, ಸಕ್ಕರೆ, ನಿಂಬೆ ಉಪ್ಪು, ಮೊಟ್ಟೆಚಿಪ್ಪು ನಾಲ್ಕನ್ನೂ ಒಂದೇ ಹದಕ್ಕೆ ಪುಡಿ ಮಾಡಿ ಕ, ಖ, ಗ, ಘ ಎಂದು ಬರೆದ ಪೊಟ್ಟಣಗಳಲ್ಲಿ ಕೊಡಿ. ರುಚಿ ನೋಡುವುದು ಕಟ್ಟುನಿಟ್ಟಾಗಿ ನಿಷಿದ್ಧ, ಪಕ್ಕದಲ್ಲೇ ಮೈಲುತುತ್ತದ ಬೀಕರ್ ಇರುತ್ತದೆ. ಹತ್ತು ನಿಮಿಷ ಬಿಟ್ಟರೂ ನೀರಿನ ತಳಕ್ಕೆ ಕೂರುವುದು ಮೊಟ್ಟೆಚಿಪ್ಪು. ಕರಗಿದ ಮೂರರಲ್ಲಿ ದೀಪ ಹತ್ತದ್ದು ಸಕ್ಕರೆ. ಹತ್ತಿದ ಎರಡರಲ್ಲಿ ಮುಚ್ಚಳದ ಮೇಲೆ ಕರಗದೆ ಉಳಿದದ್ದು ಉಪ್ಪು. ಮೊಟ್ಟೆಚಿಪ್ಪು ಅಯಾನಿಕವೆಂದು ಈ ಪರೀಕ್ಷೆಗಳಷ್ಟರಿಂದಲೇ ಸಾಧಿಸಲು ಆಗುವುದಿಲ್ಲ, ಏಕೆಂದರೆ ಮರಳೂ ಹೀಗೆಯೇ ನಡೆದುಕೊಳ್ಳುತ್ತದೆ. ‘ನಿರ್ಧರಿಸಲು ಆಗಲಿಲ್ಲ’ ಎಂದು ಬರೆದ ಗುಂಪಿಗೂ ಪೂರ್ತಿ ಅಂಕ ಕೊಡಿ.

ತೊಳೆಯುವಾಗ ಉಪ್ಪು, ಸಕ್ಕರೆ, ನಿಂಬೆ ಉಪ್ಪಿನ ದ್ರಾವಣಗಳನ್ನು ಸಿಂಕಿಗೆ ಸುರಿಯಬಹುದು. ಮೈಲುತುತ್ತದ ದ್ರಾವಣ ಮೀನಿಗೆ, ಪಾಚಿಗೆ ವಿಷ. ಅದನ್ನು ಹೆಸರು ಬರೆದ ಬಾಟಲಿಗೆ ಹಾಕಿಟ್ಟರೆ ಮುಂದಿನ ವರ್ಷವೂ ಬರುತ್ತದೆ. ಸೀಮೆಎಣ್ಣೆಯನ್ನು ಸೋಸಿ ಬೇರೆ ಬಾಟಲಿಯಲ್ಲಿಡಿ, ಚರಂಡಿಗೆ ಬೇಡ. ಮೇಣ ಅಂಟಿದ ಮುಚ್ಚಳವನ್ನು ತೊಳೆಯುವ ಮೊದಲು ಕಾಗದದಲ್ಲಿ ಒರೆಸಿ, ಇಲ್ಲದಿದ್ದರೆ ಸಿಂಕಿನ ಕೊಳವೆಯಲ್ಲಿ ಗಟ್ಟಿಯಾಗಿ ಕೂರುತ್ತದೆ.